ಅಳಿಸಿದರೂ ಮರಳಿ ಬರುವ ಖಾಲಿ ಫೋಲ್ಡರ್

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ಕಂಪ್ಯೂಟರ್. ದಿನಕ್ಕೊಂದು ಫೋಲ್ಡರ್, ಅದರಲ್ಲಿ ತೂಕದ ಚೀಟಿಯ ಫೋಟೊ, ಎಕ್ಸೆಲ್, ಪಿಡಿಎಫ್ ಬಿಲ್ಲು. ಬಿಲ್ಲಷ್ಟೇ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗಲೆಂದು ವಿಂಡೋಸಿನ ನಕಲು ಆಜ್ಞೆ ರೋಬೋಕಾಪಿಗೆ ‘ಸ್ಟಾರ್ ಡಾಟ್ ಪಿಡಿಎಫ್’ ಜೊತೆ /ಎಂಐಆರ್ ಕೊಟ್ಟಿದ್ದೇವೆ. ಬಿಲ್ಲೇ ಇಲ್ಲದ ದಿನಗಳ ಫೋಲ್ಡರುಗಳೂ ಬರಿದಾಗಿ ಬಂದು ಕೂರುತ್ತವೆ. ಅಳಿಸಿದರೆ ಮರುದಿನ ಮತ್ತೆ ಹಾಜರ್!

ಉತ್ತರ: /ಎಂಐಆರ್ ಅಂದರೆ /ಇ ಮತ್ತು /ಪರ್ಜ್ ಎರಡೂ ಸೇರಿದ್ದು. ಖಾಲಿ ಫೋಲ್ಡರನ್ನೂ ಬಿಡದೆ ತರುವುದೇ /ಇ ಕೆಲಸ. ಪಿಡಿಎಫ್ ಎಂಬ ಜರಡಿ ಫೈಲುಗಳಿಗೆ ಮಾತ್ರ, ಫೋಲ್ಡರುಗಳಿಗಲ್ಲ. /ಎಂಐಆರ್ ತೆಗೆದು /ಎಸ್ ಹಾಕಿ, ಅದು ಖಾಲಿ ಫೋಲ್ಡರುಗಳನ್ನು ಬಿಟ್ಟು ಉಳಿದವನ್ನು ತರುತ್ತದೆ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲೂ ಅಳಿಸುವ /ಪರ್ಜ್ ಹೋದದ್ದೂ ಒಳ್ಳೆಯದೇ: ಗಿರಣಿಯಲ್ಲಿ ಯಾರೋ ಫೋಲ್ಡರನ್ನೇ ಕೈತಪ್ಪಿ ಅಳಿಸಿದರೆ ಅದು ಹಾರ್ಡ್‌ಡಿಸ್ಕಿನಿಂದಲೂ ಅಳಿಸುತ್ತಿತ್ತು, ಅದನ್ನು ಬ್ಯಾಕಪ್ ಅನ್ನಲಾಗದು. ಜೊತೆಗೆ /ಆರ್:2 /ಡಬ್ಲ್ಯೂ:5 (ಎರಡೇ ಮರುಪ್ರಯತ್ನ, ನಡುವೆ 5 ಸೆಕೆಂಡ್) ಸೇರಿಸಿ. ಇಲ್ಲದಿದ್ದರೆ ತೆರೆಯಲಾಗದ ಒಂದೇ ಫೈಲಿಗೆ 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ.

ಈಗಾಗಲೇ ತುಂಬಿರುವ ಖಾಲಿ ಫೋಲ್ಡರುಗಳು ಇಷ್ಟಕ್ಕೇ ಹೋಗವು. ಅದಕ್ಕೊಂದು ಉಪಾಯವಿದೆ: ಮೂಲದ ಜಾಗದಲ್ಲೂ ಗುರಿಯ ಜಾಗದಲ್ಲೂ ಹಾರ್ಡ್‌ಡಿಸ್ಕಿನ ಅದೇ ಫೋಲ್ಡರಿನ ದಾರಿ ಬರೆದು /ಎಸ್ /ಮೂವ್ ಕೊಡಿ, ಪಿಡಿಎಫ್ ಜರಡಿ ಬೇಡ. ಫೈಲುಗಳು ಇದ್ದಲ್ಲೇ ಇರುತ್ತವೆ, ಖಾಲಿಯವು ಮಾಯ. ಮೊದಲು /ಎಲ್ ಸೇರಿಸಿ ಓಡಿಸಿ. ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ. ಆಮೇಲೂ ಉಳಿದ ಫೋಲ್ಡರ್ ನಿಜಕ್ಕೂ ಖಾಲಿಯಲ್ಲ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿದರೆ ವಿಂಡೋಸ್ ತಾನೇ ಇಡುವ ‘ಥಂಬ್ಸ್ ಡಾಟ್ ಡಿಬಿ’ಯೋ ‘ಡೆಸ್ಕ್‌ಟಾಪ್ ಡಾಟ್ ಐಎನ್‌ಐ’ಯೋ ಸಿಗುತ್ತದೆ.

ಪ್ರಶ್ನೆ: ರಾಯಚೂರಿನ ನಮ್ಮ ಡಿಟಿಪಿ ಅಂಗಡಿಯಲ್ಲಿ ಉಬುಂಟು (ಲಿನಕ್ಸ್), ನಕಲಿಗೆ ಆರ್‌ಸಿಂಕ್ ಆಜ್ಞೆ. ತೊಂದರೆ ಇದೇ.

ಉತ್ತರ: ಆರ್‌ಸಿಂಕ್ ನಿಯಮಗಳನ್ನು ಮೇಲಿನಿಂದ ಓದುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಎಲ್ಲ ಫೋಲ್ಡರ್ ಸೇರಿಸು, ಪಿಡಿಎಫ್ ಸೇರಿಸು, ಉಳಿದದ್ದು ಬಿಡು: ಈ ಕ್ರಮವೇ ಸರಿ. ಮೊದಲ ಸಾಲು ಇಲ್ಲದಿದ್ದರೆ ಒಳಗಿನ ಫೋಲ್ಡರಿಗೆ ಅದು ಇಳಿಯುವುದೇ ಇಲ್ಲ. ಇದ್ದರೆ ಖಾಲಿಯವೂ ಬರುತ್ತವೆ. ಚಿಕ್ಕಕ್ಷರದ -ಎಂ ಸೇರಿಸಿದರೆ ಖಾಲಿ ಫೋಲ್ಡರುಗಳು ಪಟ್ಟಿಯಿಂದಲೇ ಕಳಚುತ್ತವೆ. ಏನನ್ನೂ ಬದಲಿಸದೆ ಓಡುವ -ಎನ್ ಹಾಕಿ ಒಮ್ಮೆ ಪರೀಕ್ಷಿಸಿ.

ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸುವ ಡಿಲೀಟ್ ಆಯ್ಕೆ ಇದ್ದೂ ಕೆಲವು ಫೋಲ್ಡರ್ ಉಳಿದರೆ, ನೀವು ‘ಬಿಡು’ ಎಂದ ಫೈಲು ಗುರಿಯ ಕಡೆ ಅದರಲ್ಲಿದೆ ಎಂದರ್ಥ. ಬಿಟ್ಟ ಫೈಲನ್ನು ಆರ್‌ಸಿಂಕ್ ಅಲ್ಲಿಯೂ ಕಾಯುತ್ತದೆ. ‘ಡಿಲೀಟ್ ಎಕ್ಸ್‌ಕ್ಲೂಡೆಡ್’ ಕೊಟ್ಟರೆ ಹೋಗುತ್ತವೆ, ಆದರೆ ಪಿಡಿಎಫ್ ಅಲ್ಲದ ಎಲ್ಲವನ್ನೂ ಒರೆಸುತ್ತದೆ. ಆ ಡಿಸ್ಕಿನಲ್ಲಿ ಗಿರಾಕಿಗಳ ಬೇರೆ ಕೆಲಸವಿದ್ದರೆ ಕೈಯಾರೆ ಅಳಿಸುವುದೇ ಲೇಸು.