ಆಸ್ಕರ್‌ಗೆ ನಾಮನಿರ್ದೇಶನವಾದ ಹಾಡುಗಳಲ್ಲಿ ಯಾವುದು ಒಳ್ಳೆಯದು ಎಂದು ತೀರ್ಮಾನಿಸುವುದು ಹೇಗೆ? ಯೂಟ್ಯೂಬ್‌ನಲ್ಲಿ ಕೇಳಿದರೆ ಸಾಕಾ?

ಸಾಕಾಗುವುದಿಲ್ಲ. ಸಿನಿಮಾ ನೋಡಲೇಬೇಕು. ಪೂರ್ತಿ ಸಿಗದಿದ್ದರೆ ಹಾಡು ಬರುವ ಸನ್ನಿವೇಶ, ಅದರ ಹಿಂದುಮುಂದಿನ ಹತ್ತು ನಿಮಿಷವಾದರೂ ನೋಡಿ.

ನಿಯಮವೇ ಹಾಗಿದೆ. ಸಾಹಿತ್ಯ, ರಾಗ ಎರಡೂ ಆ ಸಿನಿಮಾಕ್ಕೆಂದೇ ಹುಟ್ಟಿರಬೇಕು. ಸಿನಿಮಾದ ಒಳಗೆ ಸ್ಪಷ್ಟವಾಗಿ ಕೇಳಿಸಬೇಕು. ಕೊನೆಯಲ್ಲಿ ಹೆಸರುಗಳು ಓಡುವಾಗ ಬರುವುದಾದರೆ, ಅಲ್ಲಿ ಬರುವ ಮೊದಲ ಸಂಗೀತ ಅದೇ ಆಗಿರಬೇಕು. ಸಿನಿಮಾಕ್ಕೆಂದೇ ಹುಟ್ಟಿರಬೇಕೆಂಬ ಬಿಗಿ ಬರಲು ಕಾರಣ 1941ರ ಸಿನಿಮಾಗಳ ಸಾಲಿನಲ್ಲಿ ಗೆದ್ದ 'ದಿ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್'. ಆ ಹಾಡು ಸಿನಿಮಾಕ್ಕಿಂತ ಮೊದಲೇ ಜನರ ಬಾಯಲ್ಲಿತ್ತು. ಇದು ಸರಿಯಲ್ಲ ಎಂದವರಲ್ಲಿ ಅದಕ್ಕೆ ರಾಗ ಹಾಕಿದ ಜೆರೋಮ್ ಕರ್ನ್ ಕೂಡ ಒಬ್ಬರು. ಎಂಥ ದೊಡ್ಡ ಮನಸ್ಸು, ಅಲ್ವಾ?

ಇನ್ನೊಂದು ವಿಷಯ. ಪ್ರಶಸ್ತಿ ಬರೆದವರಿಗೆ, ರಾಗ ಹಾಕಿದವರಿಗೆ. ಹಾಡಿದವರಿಗಲ್ಲ. ಹಾಗಾಗಿ ಕಂಠಕ್ಕೆ ಮರುಳಾಗಿ ಅಂಕ ಕೊಡಬೇಡಿ.

ನನ್ನ ಊರು ಕುಂಬಳೆ ಹತ್ತಿರ, ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ಕಾಸರಗೋಡಿನ ಈ ಭಾಗದಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಕೇಳುತ್ತಾ ಬೆಳೆದವರಿಗೆ ಒಂದು ಅಭ್ಯಾಸ ಇರುತ್ತದೆ. ಹಾಡುವ ಭಾಗವತರ ಪದ್ಯ ಎಷ್ಟೇ ಇಂಪಾಗಿರಲಿ, ಅದರಿಂದ ಪ್ರಸಂಗ ಮುಂದೆ ಹೋಯಿತಾ, ಪಾತ್ರದ ಮಾತು ನಡೆಸುವ ಅರ್ಥಧಾರಿಗೆ ಮಾತಾಡಲು ಏನಾದರೂ ಸಿಕ್ಕಿತಾ ಎಂದು ನೋಡುತ್ತೇವೆ. ಸಿನಿಮಾ ಹಾಡನ್ನೂ ನಾನು ಹಾಗೆಯೇ ನೋಡುವುದು. ಹಾಡಿಗೆ ಮೊದಲು ಪಾತ್ರಗಳು ಎಲ್ಲಿದ್ದವು? ಮುಗಿದಾಗ ಎಲ್ಲಿವೆ?

2023ರಲ್ಲಿ ಗೆದ್ದ, 'ಆರ್‌ಆರ್‌ಆರ್' ಸಿನಿಮಾದ 'ನಾಟು ನಾಟು' ತೆಗೆದುಕೊಳ್ಳಿ. ಸುಮ್ನೆ ಕೇಳಿದರೆ ಕುಣಿಸುವ ಹಾಡು, ಅಷ್ಟೆ. ಸಿನಿಮಾದಲ್ಲಿ ಅದು ಅವಮಾನಕ್ಕೆ ಕೊಟ್ಟ ಉತ್ತರ. ಬ್ರಿಟಿಷರ ಅರಮನೆಯಂಥ ಬಂಗಲೆಯ ಎದುರು ಚಂದ್ರಬೋಸ್ ಅವರ ಸಾಲುಗಳು ಜೋಳದ ರೊಟ್ಟಿ, ಮೆಣಸಿನಕಾಯಿ ಚಟ್ನಿಯನ್ನು ತಂದಿಡುತ್ತವೆ. ಕೀರವಾಣಿಯವರ ತಾಳ ಉಸಿರಾಡಲು ಬಿಡುವುದಿಲ್ಲ. ಕೊನೆಗೆ ಇಬ್ಬರು ನಾಯಕರಲ್ಲಿ ರಾಮ್ ಬೇಕೆಂದೇ ಸೋತು ಗೆಳೆಯ ಭೀಮನನ್ನು ಗೆಲ್ಲಿಸುತ್ತಾನೆ. ಮುಂದೆ ಅದೇ ರಾಮ್ ಅವನನ್ನು ಹಿಡಿಯಲು ಬಂದಾಗ ನಮಗೆ ಅಷ್ಟು ಸಂಕಟವಾಗುವುದು ಈ ಹಾಡಿನಿಂದ. ಅದಕ್ಕೇ ನನ್ನ ಪ್ರಕಾರ ಆ ಪ್ರಶಸ್ತಿ ಪೂರ್ತಿ ನ್ಯಾಯವಾದದ್ದು.

2008ರಲ್ಲಿ ಗೆದ್ದ, 'ಒನ್ಸ್' ಸಿನಿಮಾದ 'ಫಾಲಿಂಗ್ ಸ್ಲೋಲಿ' ಇದಕ್ಕೆ ತದ್ವಿರುದ್ಧ, ಮೆಲ್ಲನೆಯ ಹಾಡು. ವಾದ್ಯಗಳ ಅಂಗಡಿಯಲ್ಲಿ ನಾಯಕ ಗಿಟಾರ್ ಹಿಡಿದು ಕಲಿಸುತ್ತಾನೆ, ನಾಯಕಿ ಪಿಯಾನೋದಲ್ಲಿ ಸೇರಿಕೊಳ್ಳುತ್ತಾಳೆ. ಹಾಡು ಮುಗಿಯುವಾಗ ಇಬ್ಬರೂ ಅಪರಿಚಿತರಲ್ಲ. ಅದನ್ನು ಮಾತಿನಲ್ಲಿ ಹೇಳಲು ಎಷ್ಟು ದೃಶ್ಯ ಬೇಕಾಗುತ್ತಿತ್ತು!

ಭಾಷೆಯ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬೀಳುತ್ತಿರುತ್ತವೆ. ಹಾಗಾಗಿ ಅರ್ಥ ಪೂರ್ತಿ ಗೊತ್ತಾಗದಿದ್ದರೂ ಹಾಡನ್ನು ಇಷ್ಟಪಡುವುದು ಸುಲಭ. ಆದರೆ ಅರ್ಧ ಅಂಕ ಸಾಹಿತ್ಯದ್ದು. ಸಬ್‌ಟೈಟಲ್ ಹಾಕಿಕೊಂಡು ಇನ್ನೊಮ್ಮೆ ಕೇಳಿ.

ಈ ಅಳತೆ ಹಿಡಿದರೆ ಕೆಲವೊಮ್ಮೆ ಎಲ್ಲರೂ ಮೆಚ್ಚಿದ ಹಾಡನ್ನು ಬಿಡಬೇಕಾಗುತ್ತದೆ. 2009ರಲ್ಲಿ ಸ್ಪರ್ಧೆಯಲ್ಲಿದ್ದದ್ದು ಮೂರೇ ಹಾಡು. ಅದರಲ್ಲಿ ಎರಡು ರೆಹಮಾನ್ ಅವರವು, ಎರಡೂ 'ಸ್ಲಮ್‌ಡಾಗ್ ಮಿಲಿಯನೇರ್' ಎಂಬ ಒಂದೇ ಸಿನಿಮಾದವು. ಗುಲ್ಜಾರ್ ಬರೆದ 'ಜೈ ಹೋ' ಗೆದ್ದಿತು. ಅದು ಬರುವುದು ಕಥೆ ಮುಗಿದ ಮೇಲೆ, ರೈಲ್ವೆ ಸ್ಟೇಷನ್ನಿನ ಕುಣಿತದಲ್ಲಿ. 'ಓ ಸಾಯಾ' ಬರುವುದು ಶುರುವಿನಲ್ಲಿ, ಮಕ್ಕಳು ಪೊಲೀಸರಿಂದ ತಪ್ಪಿಸಿಕೊಂಡು ಕೊಳೆಗೇರಿಯ ಓಣಿಗಳಲ್ಲಿ ಓಡುವಾಗ. ಆ ಊರು, ಆ ಮಕ್ಕಳ ಧೈರ್ಯ, ಅವರ ಬಡತನ ಎಲ್ಲ ಆ ಒಂದು ಹಾಡಿನಲ್ಲೇ ನಮಗೆ ಗೊತ್ತಾಗುತ್ತದೆ. ನನ್ನ ಮತ 'ಓ ಸಾಯಾ'ಗೆ.