ಕಲೆ ಕತ್ತಿನಲ್ಲಿ, ಕಷ್ಟ ಕಾಲಿನಲ್ಲಿ: ಎಂಎಸ್‌ನಲ್ಲಿ ಯಾಕೆ ಹೀಗೆ?

ನಿಮ್ಮ ತಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಅಂದರೆ ಮೆದುಳು, ಬೆನ್ನುಹುರಿಯ ನರಗಳನ್ನು ಕಾಡುವ ಕಾಯಿಲೆ. ಎಂಆರ್‌ಐನಲ್ಲಿ ಮೆದುಳಿನಲ್ಲಿ ಏಳೆಂಟು ಕಲೆ (ಹಾನಿಯಾದ ಜಾಗದ ಗುರುತು), ಕತ್ತಿನ ಹತ್ತಿರ ಬೆನ್ನುಹುರಿಯಲ್ಲಿ ಒಂದೇ ಒಂದು. ಆದರೆ ಜೋಮು, ಬಿಗಿತ ಎಲ್ಲಾ ಕಾಲಲ್ಲಿ. ಇದು ಹೇಗೆ, ಮೆದುಳಿನ ಅಷ್ಟೊಂದು ಕಲೆಗೆ ಹೆದರಬೇಕಾ ಅಂತ ಕೇಳಿದ್ದೀರಿ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಎಂಎಸ್ ಇರುವವರ ನಡಿಗೆ, ಬ್ಯಾಲೆನ್ಸ್ ಸರಿಮಾಡಿಸುವುದು ನನ್ನ ಕೆಲಸ. ಔಷಧಿ ವಿಚಾರ ನಿಮ್ಮ ನ್ಯೂರಾಲಜಿಸ್ಟ್ ಹೇಳಬೇಕು, ಕಲೆಗೂ ಕಷ್ಟಕ್ಕೂ ಇರುವ ನಂಟು ಮಾತ್ರ ನಾನು ಹೇಳುತ್ತೇನೆ.

ಮೆದುಳಿನಿಂದ ಕಾಲಿಗೆ ಹೋಗುವ ನರದ ಎಳೆಗಳೆಲ್ಲ ಕತ್ತನ್ನು ದಾಟಿಯೇ ಹೋಗಬೇಕು. ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ವಿ.ಸಿ. ನಾಲೆ ಮೇಲೆಲ್ಲೋ ಒಡೆದರೆ ಒಣಗುವುದು ಮದ್ದೂರು, ಮಳವಳ್ಳಿ ಕಡೆಯ ಕೊನೆ ಗದ್ದೆ, ಅಲ್ವಾ? ಹಾಗಾಗಿ ಕಾಲು ಜೋಮು ಅಂದ ತಕ್ಷಣ ಸೊಂಟದ ಎಂಆರ್‌ಐ ಒಂದನ್ನೇ ಮಾಡಿಸಿ ಸುಮ್ಮನಾದರೆ ಕತ್ತಿನ ಕಲೆ ಕಾಣುವುದೇ ಇಲ್ಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ.

ಎಂಎಸ್‌ನಲ್ಲಿ ರೋಗ ತಡೆಯುವ ಶಕ್ತಿಯೇ ನರದ ಎಳೆಗಳ ಮೇಲಿನ ಮೈಲಿನ್ ಪದರವನ್ನು ಹಾಳುಮಾಡುತ್ತದೆ. ಮೆದುಳಿನಲ್ಲಿ ಜಾಗ ಜಾಸ್ತಿ, ಅಲ್ಲಿನ ಎಷ್ಟೋ ಕಲೆಗಳು ಯಾವ ತೊಂದರೆಯನ್ನೂ ತೋರಿಸದೆ ಕೂತಿರುತ್ತವೆ. ಬೆನ್ನುಹುರಿ ಹಾಗಲ್ಲ. ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ, ಅಷ್ಟರಲ್ಲೇ ಎಲ್ಲಾ ದಾರಿಗಳೂ ಒತ್ತೊತ್ತಾಗಿ ಸಾಗುತ್ತವೆ. ಸಣ್ಣ ಕಲೆಯೂ ಎದ್ದು ಕಾಣುವ ತೊಂದರೆ ಕೊಡಬಹುದು. ಅದಕ್ಕೇ ಹುರಿಯಲ್ಲಿ ಕಲೆ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ಮೊದಲು ಕೇಳಿ.

ಹುರಿಯ ಹಿಂಭಾಗದಲ್ಲಿ ಕಲೆ ಇದ್ದರೆ ಕಾಲು ಎಲ್ಲಿದೆ ಎಂಬ ಅರಿವೇ ಮಂಕಾಗುತ್ತದೆ. ನಡೆಯುವಾಗ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗುವುದಿಲ್ಲ, ಹಿಂದೆ ಬರುವವರು ಹೇಳಬೇಕು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಮೈ ವಾಲುತ್ತದೆ, ಒಂದು ಕೈ ಗೋಡೆ ಹುಡುಕುತ್ತದೆ. ಕಾಲಲ್ಲಿ ಶಕ್ತಿ ಇದ್ದೂ ಹೀಗಾಗುವುದರಿಂದ ಮನೆಯವರು 'ಭಯ ಅಷ್ಟೇ, ಧೈರ್ಯವಾಗಿ ನಡಿ' ಅನ್ನುತ್ತಾರೆ. ದಯವಿಟ್ಟು ಹಾಗನ್ನಬೇಡಿ, ಅದು ಭಯ ಅಲ್ಲ. ತಲೆ ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟ್ ಹೊಡೆದಂತೆ ಆಗುವುದೂ ಹೆಚ್ಚಾಗಿ ಕತ್ತಿನ ಹುರಿಯ ಹಿಂಭಾಗದ ಕಲೆಯಿಂದಲೇ.

ಪಕ್ಕದಲ್ಲಿ ಕಲೆ ಇದ್ದರೆ ಅದೇ ಕಡೆಯ ಕಾಲು ಬಿಗಿಯಾಗುತ್ತದೆ, ಸೋಲುತ್ತದೆ. ಆದರೆ ಬಿಸಿ, ನೋವು ತಿಳಿಸುವ ಎಳೆಗಳು ಹುರಿಯಲ್ಲಿ ಪಕ್ಕ ಬದಲಿಸುತ್ತವೆ. ಹಾಗಾಗಿ ಕೆಲವರಿಗೆ ಒಂದು ಕಾಲಿಗೆ ಬಲವಿಲ್ಲ, ಇನ್ನೊಂದಕ್ಕೆ ಬಿಸಿ ತಿಳಿಯದು. ಸ್ನಾನದ ನೀರನ್ನು ಸ್ಪರ್ಶ ಚೆನ್ನಾಗಿರುವ ಕೈಯಿಂದ ನೋಡಿಕೊಳ್ಳಲಿ. ಎದೆ ಸುತ್ತ ಪಟ್ಟಿ ಬಿಗಿದಂತೆ ಅನಿಸುವುದು, ಮೂತ್ರ ತಡೆಯಲಾಗದಿರುವುದು ಕೂಡ ಹುರಿಯ ಕಲೆಯಿಂದ ಆಗಬಹುದು. ತಮ್ಮ ನಾಚಿಕೆಯಿಂದ ಹೇಳದೆ ಇರಬಹುದು, ನೀವೇ ಕೇಳಿ. ಇದಕ್ಕೆ ಚಿಕಿತ್ಸೆ ಇದೆ.

ಮೆದುಳಿನ ಕಲೆಗಳನ್ನು ಕಡೆಗಣಿಸಬೇಡಿ. ಹೊಸ ಕಲೆ ಬಂದರೆ ಕಾಯಿಲೆ ಒಳಗೊಳಗೇ ಚುರುಕಾಗಿದೆ ಎಂದರ್ಥ, ಔಷಧಿ ಬದಲಿಸಬೇಕೇ ಎಂದು ಡಾಕ್ಟರ್ ಅದನ್ನೂ ನೋಡಿ ತೀರ್ಮಾನಿಸುತ್ತಾರೆ. ತಮ್ಮ ಸುಧಾರಿಸಿದ ಮೇಲೂ ಸ್ಕ್ಯಾನಿನಲ್ಲಿ ಹಳೆಯ ಕಲೆ ಹಾಗೇ ಕಾಣಬಹುದು. ಊತ ಇಳಿದು, ಮೈಲಿನ್ ಸ್ವಲ್ಪ ಮತ್ತೆ ಬೆಳೆದರೂ ಗುರುತು ಉಳಿಯುತ್ತದೆ. ಅದಕ್ಕೆ ಎದೆಗುಂದಬೇಡಿ.

ಏಪ್ರಿಲ್ ಬಿಸಿಲಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದಾಗಲೋ ಜ್ವರ ಬಂದಾಗಲೋ ಹಳೆಯ ತೊಂದರೆ ಮರುಕಳಿಸಿದರೆ ಹೊಸ ಕಲೆ ಬಂದಿದೆ ಅಂತಲ್ಲ. ಮೈ ಬಿಸಿಯಾದರೆ ಮೈಲಿನ್ ಕಳೆದುಕೊಂಡ ಎಳೆಗಳಲ್ಲಿ ಸಂದೇಶ ನಿಧಾನವಾಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ಜ್ವರ, ಮೂತ್ರದ ಸೋಂಕು ಏನೂ ಇಲ್ಲದೆ ಹೊಸ ತೊಂದರೆ 24 ಗಂಟೆ ದಾಟಿದರೆ ಮಾತ್ರ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು. ಹುರಿಯ ಕಲೆ ಎಷ್ಟು ಉದ್ದ ಇದೆ ಅಂತ ರಿಪೋರ್ಟಿನಲ್ಲಿ ನೋಡಿ. ಎಂಎಸ್ ಕಲೆ ಸಾಮಾನ್ಯವಾಗಿ ಬೆನ್ನಿನ ಎರಡು ಮೂಳೆಮಣಿಗಳ ಉದ್ದಕ್ಕಿಂತ ಚಿಕ್ಕದು. ಮೂರು ಅಥವಾ ಅದಕ್ಕಿಂತ ಜಾಸ್ತಿ ಮೂಳೆಯಷ್ಟು ಉದ್ದ ಇದ್ದರೆ ಎನ್‌ಎಂಒ ಎಂಬ ಬೇರೆ ಕಾಯಿಲೆ ಇರಬಹುದು, ಅಕ್ವಾಪೊರಿನ್-4 ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ. ಎಂಎಸ್‌ನ ಕೆಲವು ಔಷಧಿಗಳು ಎನ್‌ಎಂಒ ಇರುವವರಿಗೆ ಕೆಡುಕು ಮಾಡುತ್ತವೆ.