ಲೈಟ್ನಿಂಗ್ ಟ್ರಕ್ಕನ್ನು ಎಷ್ಟು ತಗ್ಗಿಸಬಹುದು, ಚಕ್ರ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ನೆಲೆಸಿದ್ದೇನೆ. ಕಳೆದ ವರ್ಷ 2001ನೇ ಮಾದರಿಯ ಫೋರ್ಡ್ ಎಫ್-150 ಎಸ್‌ವಿಟಿ ಲೈಟ್ನಿಂಗ್ ಪಿಕಪ್ ಟ್ರಕ್ ಕೊಂಡೆ. ಮೂಲ 18 ಇಂಚಿನ ಚಕ್ರಗಳೇ ಇವೆ. ಮುಂದೆ 3 ಇಂಚು, ಹಿಂದೆ 4 ಇಂಚು ತಗ್ಗಿಸಿ 22 ಇಂಚಿನ ಚಕ್ರ ಹಾಕಿಸುವ ಆಸೆಯಿದೆ. ಆದರೆ ವೇಗವೂ ತಿರುವಿನ ಹಿಡಿತವೂ ಕೆಡಬಾರದು. ಆಗಾಗ ಹಲಗೆ, ಸಿಮೆಂಟ್ ಚೀಲಗಳನ್ನು ತರುವುದೂ ಉಂಟು. ಸ್ಪ್ರಿಂಗ್ ಬದಲಿಸಲೇ, ಮುಂದಿನ ಚಕ್ರ ಕೂರುವ ಸ್ಪಿಂಡಲ್ ಬದಲಿಸಲೇ?

ಉತ್ತರ: ನಿಮ್ಮ ಕೈಯಲ್ಲಿರುವುದು ಕಾರ್ಖಾನೆಯಲ್ಲೇ ಒಮ್ಮೆ ತಗ್ಗಿಸಿದ ವಾಹನ ಎಂಬುದನ್ನು ಮೊದಲು ಗಮನಿಸಬೇಕು. 5.4 ಲೀಟರಿನ ಸೂಪರ್‌ಚಾರ್ಜ್ಡ್ ವಿ-8 ಎಂಜಿನ್ನಿನ 380 ಅಶ್ವಶಕ್ತಿಯನ್ನು ರಸ್ತೆಗಿಳಿಸಲು ಫೋರ್ಡಿನ ವೇಗದ ವಾಹನಗಳ ವಿಭಾಗವಾದ ಎಸ್‌ವಿಟಿಯವರು ಸಾಮಾನ್ಯ ಎಫ್-150ಕ್ಕಿಂತ ಕೆಳಗೆ ಕೂರುವ ಸಸ್ಪೆನ್ಷನ್ನನ್ನು, ತಿರುವಿನಲ್ಲಿ ವಾಲುವುದನ್ನು ತಡೆಯುವ ದಪ್ಪನೆಯ ಸ್ಟೆಬಿಲೈಸರ್ ಬಾರ್‌ಗಳನ್ನು, ಒಂಬತ್ತೂವರೆ ಇಂಚು ಅಗಲದ ಚಕ್ರಗಳನ್ನು ಮತ್ತು 295/45 ಆರ್ 18 ಟೈರುಗಳನ್ನು (ಅಗಲ 295 ಮಿ.ಮೀ., ಸೈಡ್‌ವಾಲ್ ಎಂಬ ಪಕ್ಕದ ಗೋಡೆಯ ಎತ್ತರ ಅಗಲದ ಶೇ 45, ಚಕ್ರ 18 ಇಂಚು) ಒಂದಕ್ಕೊಂದು ಹೊಂದುವಂತೆ ಆರಿಸಿದ್ದರು. ಅದಕ್ಕೆ ಅವರು ತೆತ್ತ ಬೆಲೆಯೆಂದರೆ ಹೊರೆಯ ಸಾಮರ್ಥ್ಯ. ನಿಮ್ಮ ವರ್ಷದ ಟ್ರಕ್ಕಿಗೆ ಅದು ಸುಮಾರು 800 ಪೌಂಡ್ ಮಾತ್ರ. ಆದ್ದರಿಂದ ಇನ್ನು ತಗ್ಗಿಸುವ ಪ್ರತಿ ಇಂಚನ್ನೂ ಈಗಾಗಲೇ ಕಿರಿದಾಗಿರುವ ಆಕ್ಸಲ್ (ಚಕ್ರಗಳ ಅಚ್ಚು) ಮತ್ತು ಅದರ ಏರಿಕೆಯನ್ನು ತಡೆಯುವ ಬಂಪ್ ಸ್ಟಾಪ್ ನಡುವಿನ ಅಂತರದಿಂದಲೇ ಕಳೆಯಬೇಕಾಗುತ್ತದೆ.

ಬಹಳ ಜನ ಮೊದಲು ಎಷ್ಟು ಇಂಚು ತಗ್ಗಿಸಬೇಕೆಂದು ತೀರ್ಮಾನಿಸಿ, ಆಮೇಲೆ ಚಕ್ರ ಹುಡುಕುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದುದು: ಮೊದಲು ಟೈರನ್ನು ನಿಶ್ಚಯಿಸಿ. ಮೂಲ ಟೈರಿನ ಒಟ್ಟು ವ್ಯಾಸ ಸುಮಾರು 723 ಮಿ.ಮೀ., ಸೈಡ್‌ವಾಲ್ ಎತ್ತರ 133 ಮಿ.ಮೀ. ಚಕ್ರ ದೊಡ್ಡದಾದರೂ ಒಟ್ಟು ವ್ಯಾಸ ಇದರ ಆಸುಪಾಸಿನಲ್ಲೇ ಉಳಿಯಬೇಕು. 20 ಇಂಚಿನ ಚಕ್ರಕ್ಕೆ 275/40 ಟೈರು ಹಾಕಿದರೆ ವ್ಯಾಸ 728 ಮಿ.ಮೀ. ಆಗುತ್ತದೆ, ವ್ಯತ್ಯಾಸ ಶೇ 1ಕ್ಕೂ ಕಡಿಮೆ. ಅಗಲ ಉಳಿಸಿಕೊಳ್ಳಲೆಂದು 295/40 ಹಾಕಿದರೆ ಅದು 744 ಮಿ.ಮೀ.ಗೆ ಏರುತ್ತದೆ. ಇದು ಶೇ 3ರಷ್ಟು ಹೆಚ್ಚಳವಾದ್ದರಿಂದ ಸ್ಪೀಡೋಮೀಟರ್ 70 ಮೈಲಿ ತೋರಿಸುವಾಗ ಟ್ರಕ್ 72 ಮೈಲಿ ವೇಗದಲ್ಲಿರುತ್ತದೆ, ಮತ್ತು ನಿಮ್ಮ 3.73ರ ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ತಿರುಗಬೇಕಾದ ಸುತ್ತುಗಳು) 3.62ಕ್ಕೆ ಇಳಿದಂತಾಗಿ ನಿಂತಲ್ಲಿಂದ ಚಿಮ್ಮುವ ಶಕ್ತಿ ತುಸು ಕುಗ್ಗುತ್ತದೆ. 22 ಇಂಚಿಗೆ 265/35 ಹಾಕಿದರೂ ವ್ಯಾಸ 744 ಮಿ.ಮೀ.ಯೇ, ಆದರೆ ಸೈಡ್‌ವಾಲ್ 93 ಮಿ.ಮೀ.ಗೆ ಇಳಿಯುತ್ತದೆ ಮತ್ತು ಅಗಲದಲ್ಲಿ 30 ಮಿ.ಮೀ. ಹೋಗುತ್ತದೆ. ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿ ಹರಿಸುವ, ಖಾಲಿಯಿದ್ದಾಗ ಹಿಂಭಾಗ ಹಗುರವಾಗಿರುವ ಟ್ರಕ್ಕಿಗೆ ಇದು ನೇರ ನಷ್ಟ. ದೊಡ್ಡ ಚಕ್ರದಲ್ಲಿ ಲೋಹ ಕೇಂದ್ರದಿಂದ ದೂರ ಸರಿಯುವುದರಿಂದ ತಿರುಗಿಸಲು ಹೆಚ್ಚು ಶಕ್ತಿ, ನಿಲ್ಲಿಸಲು ಹೆಚ್ಚು ಬ್ರೇಕ್ ಬೇಕಾಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಹೀಗಾಗಿ 22 ಇಂಚನ್ನು ಕೈಬಿಡಿ ಎಂದೇ ಹೇಳುತ್ತೇನೆ. ನೋಟಕ್ಕಾಗಿ 20 ಇಂಚು ಸಾಕು. ಹಿಡಿತವೇ ಮುಖ್ಯವಾದರೆ 18 ಇಂಚನ್ನೇ ಉಳಿಸಿಕೊಂಡು ಹಣವನ್ನು ಉತ್ತಮ ಟೈರಿಗೆ ಹಾಕುವುದು ಎಲ್ಲಕ್ಕಿಂತ ಮೇಲು. ಚಕ್ರ ಕೊಳ್ಳುವಾಗ ಬೋಲ್ಟ್ ವಿನ್ಯಾಸ 5×135 ಮಿ.ಮೀ. (135 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟ್) ಇರಬೇಕು, ನಡುವಿನ ರಂಧ್ರ ಹಬ್ಬಿಗೆ ಬಿಗಿಯಾಗಿ ಕೂರಬೇಕು, ಮತ್ತು ಪ್ರತಿ ಚಕ್ರದ ಹೊರೆ ಮಿತಿ ಆ ಆಕ್ಸಲ್ಲಿನ ಗರಿಷ್ಠ ತೂಕದ ಅರ್ಧಕ್ಕಿಂತ ಕಡಿಮೆಯಿರಬಾರದು. ಟೈರಿನ ವಿಷಯದಲ್ಲಿ ಹಲವರು ಮರೆಯುವ ಲೆಕ್ಕವೊಂದಿದೆ: ಕಾರಿನ ವರ್ಗದ ಟೈರನ್ನು ಟ್ರಕ್ಕಿಗೆ ಹಾಕಿದಾಗ ಅದರ ಮೇಲೆ ನಮೂದಿಸಿದ ಹೊರೆ ಸಾಮರ್ಥ್ಯವನ್ನು 1.1ರಿಂದ ಭಾಗಿಸಿಯೇ ಲೆಕ್ಕ ಹಿಡಿಯಬೇಕು.

ಈಗ ಸ್ಪ್ರಿಂಗೋ ಸ್ಪಿಂಡಲ್ಲೋ ಎಂಬ ಪ್ರಶ್ನೆಗೆ ಬರೋಣ. ಗಿಡ್ಡ ಸ್ಪ್ರಿಂಗ್ ಹಾಕಿದಾಗ ಸಸ್ಪೆನ್ಷನ್ ತೋಳುಗಳು ಮೇಲಕ್ಕೆ ಬಾಗಿದ ಸ್ಥಿತಿಯಲ್ಲೇ ನಿಲ್ಲುತ್ತವೆ. ಬಂಪ್ ಸ್ಟಾಪ್ ಹತ್ತಿರವಾಗುತ್ತದೆ, ಚಕ್ರದ ಮೇಲ್ಭಾಗ ಒಳಕ್ಕೆ ವಾಲಿ ಕ್ಯಾಂಬರ್ ಬದಲಾಗುತ್ತದೆ, ಜೊತೆಗೆ ಚಕ್ರಗಳು ಮುಂದಕ್ಕೆ ನೋಡುವ ಕೋನವಾದ ಟೋ ಕೂಡ ತಪ್ಪುತ್ತದೆ. ಸರಿಪಡಿಸದಿದ್ದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಡ್ರಾಪ್ ಸ್ಪಿಂಡಲ್ ಹಾಗಲ್ಲ. ಅದು ಚಕ್ರದ ಅಕ್ಷವನ್ನೇ ಮೇಲಕ್ಕೆ ಸರಿಸುವುದರಿಂದ ತೋಳುಗಳ ಕೋನವೂ ಸ್ಪ್ರಿಂಗಿನ ಚಲನೆಯೂ ಮೊದಲಿನಂತೆಯೇ ಉಳಿಯುತ್ತವೆ. ಆದರೆ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಟೈರು ಮಡ್‌ಗಾರ್ಡಿನೊಳಕ್ಕೆ ಅಷ್ಟೇ ಇಂಚು ಹೆಚ್ಚು ನುಗ್ಗುತ್ತದೆ, ಅಗಲದ ಟೈರು ಉಜ್ಜಲಾರಂಭಿಸುವುದು ಅಲ್ಲಿಯೇ. ನಿಮ್ಮ ಬಳಕೆಗೆ ಮುಂದೆ 1ರಿಂದ ಒಂದೂವರೆ ಇಂಚು ಸಾಕು, ಅಷ್ಟಕ್ಕೆ ಲೈಟ್ನಿಂಗಿಗೆಂದೇ ತಯಾರಾದ ಸ್ಪ್ರಿಂಗ್ ಸರಿಯಾದ ಆಯ್ಕೆ. 2 ಇಂಚು ಬೇಕೇಬೇಕೆಂದಾದರೆ, ನಿಮ್ಮ ಬ್ರೇಕಿಗೆ ಹೊಂದುತ್ತದೆಂದು ತಯಾರಕರು ಬರವಣಿಗೆಯಲ್ಲಿ ತಿಳಿಸಿದ ಸ್ಪಿಂಡಲ್ ಮಾತ್ರ ಕೊಳ್ಳಿ. ಎರಡನ್ನೂ ಒಟ್ಟಿಗೆ ಹಾಕಿ 3 ಇಂಚು ಸಾಧಿಸುವುದು ಬೇಡ. ಮೂಲ ಸ್ಪ್ರಿಂಗನ್ನು ಕಾಯಿಸಿ ಕುಗ್ಗಿಸುವ ಗ್ಯಾರೇಜುಗಳೂ ಇವೆ. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಂಡು ಓಡುವಾಗಲೇ ಮುರಿಯಬಹುದಾದ್ದರಿಂದ ಅಂಥಲ್ಲಿಗೆ ವಾಹನ ಒಯ್ಯಲೇಬೇಡಿ.

ಹಿಂದಿನ ಲೀಫ್ ಸ್ಪ್ರಿಂಗಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಯಮ ಬೇಕು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ, ತಗ್ಗಿಸಲೆಂದೇ ಮಾಡಿದ ಶ್ಯಾಕಲ್‌ಗಳಿಂದ 1ರಿಂದ 2 ಇಂಚು ಸುಲಭವಾಗಿ ಸಿಗುತ್ತದೆ. ಆಕ್ಸಲ್ಲನ್ನು ಸ್ಪ್ರಿಂಗಿನ ಮೇಲಕ್ಕೆ ತರುವ ಫ್ಲಿಪ್ ಕಿಟ್‌ನಿಂದ 5–6 ಇಂಚು ಇಳಿಯುತ್ತದೆ, ಆದರೆ ಆಕ್ಸಲ್ ಏರಿ ಚಾಸಿಗೆ ಬಡಿಯದಂತೆ ಚಾಸಿಯನ್ನೇ ಸಿ ಆಕಾರದಲ್ಲಿ ಕತ್ತರಿಸಿ ಬಲಪಡಿಸಬೇಕಾಗುತ್ತದೆ. ಹೊರೆ ಹೊರುವ ಟ್ರಕ್ಕಿಗೆ ಅದು ತಕ್ಕುದಲ್ಲ. ಒಂದೂವರೆ ಇಂಚಿನ ಶ್ಯಾಕಲ್ ಹಾಕಿಸಿ, ಖಾಲಿಯಿದ್ದಾಗ ಹಿಂಭಾಗ ಮುಂಭಾಗಕ್ಕಿಂತ ತುಸು ಎತ್ತರದಲ್ಲಿರುವಂತೆ ನೋಡಿಕೊಳ್ಳಿ. ಆಗ ಸಿಮೆಂಟ್ ಚೀಲಗಳನ್ನು ಹೇರಿದಾಗ ಟ್ರಕ್ ಮಟ್ಟಸವಾಗಿ ನಿಲ್ಲುತ್ತದೆ. ಶ್ಯಾಕಲ್ ಬದಲಾದಾಗ ಆಕ್ಸಲ್ ಸ್ವಲ್ಪ ತಿರುಗಿ ಡ್ರೈವ್ ಶಾಫ್ಟಿನ ಕೋನ ತಪ್ಪುತ್ತದೆ, ವೇಗ ಏರಿದಾಗ ನಡುಕ ಕಾಣಿಸಿದರೆ ಓರೆಯ ಶಿಮ್ (ಲೋಹದ ತೆಳು ಬೆಣೆ) ಇಟ್ಟು ಸರಿಪಡಿಸಬೇಕು. 450 ಪೌಂಡ್-ಅಡಿ ಟಾರ್ಕಿಗೆ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಹಿಂದಿನ ಚಕ್ರಗಳು ಕುಣಿಯುವುದು ನಿಮ್ಮ ಅನುಭವಕ್ಕೆ ಬಂದಿದ್ದರೆ, ಇನ್ನಷ್ಟು ತಗ್ಗಿಸುವ ಹಣದಲ್ಲಿ ಆ ತಿರುಚುವಿಕೆಯನ್ನು ತಡೆಯುವ ಟ್ರ್ಯಾಕ್ಷನ್ ಬಾರ್ ಹಾಕಿಸಿ.

ಶಾಕ್ ಅಬ್ಸಾರ್ಬರ್‌ಗಳು ಹೊಸ ಎತ್ತರಕ್ಕೆ ಹೊಂದುವಷ್ಟು ಗಿಡ್ಡವಾಗಿರಬೇಕು, ಹಳೆಯವನ್ನೇ ಉಳಿಸಿಕೊಂಡರೆ ಪೂರ್ತಿ ಕುಗ್ಗಿ ಒಳಗೇ ಹಾಳಾಗುತ್ತವೆ. ಕೆಲಸ ಮುಗಿದ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ ಮತ್ತೊಮ್ಮೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಹೊಸ ಚಕ್ರದ ನಟ್‌ಗಳನ್ನು 50ರಿಂದ 100 ಮೈಲಿ ಓಡಿಸಿದ ಬಳಿಕ ಟಾರ್ಕ್ ವ್ರೆಂಚಿನಿಂದ ಮತ್ತೆ ಪರೀಕ್ಷಿಸಿ. ಮುಂದೀಪಗಳ ದಿಕ್ಕನ್ನೂ ಹೊಂದಿಸಬೇಕು.

ನೀವಿರುವ ಊರಿನ ಬಗ್ಗೆಯೂ ಒಂದು ಮಾತು. ಮಿಷಿಗನ್‌ನಲ್ಲಿ ರಸ್ತೆಯ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಕರಗುತ್ತ ವಸಂತದ ಹೊತ್ತಿಗೆ ಆಳವಾದ ಗುಂಡಿಗಳಾಗುತ್ತವೆ. 93 ಮಿ.ಮೀ. ಸೈಡ್‌ವಾಲ್ ಅಂಥ ಗುಂಡಿಯಲ್ಲಿ ಚಕ್ರದ ಅಂಚನ್ನು ಕಾಪಾಡುವುದು ಕಷ್ಟ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡಸಾಗಿ ಹಿಡಿತ ಬಿಡುತ್ತದೆ. ಹೊಸದಾಗಿ 20 ಇಂಚು ಕೊಂಡರೂ ಹಳೆಯ 18 ಇಂಚಿನ ಚಕ್ರಗಳನ್ನು ಮಾರದೆ, ಚಳಿಗಾಲದ ಟೈರು ಹಾಕಿ ಇಟ್ಟುಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನ ಪಿಕಪ್ ಟ್ರಕ್ಕನ್ನು ಇದೇ ರೀತಿ ತಗ್ಗಿಸಬಹುದೇ?

ಉತ್ತರ: ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಚಕ್ರ ಬದಲಿಸಲೇಬೇಕೆಂದಿದ್ದರೆ, ನಿಮ್ಮ ಮಾದರಿಯ ಮೇಲಿನ ದರ್ಜೆಗೆ ಕಂಪನಿಯೇ ಕೊಡುವ ಅಳತೆಯನ್ನು ಮೀರಬೇಡಿ. ಅದಕ್ಕೂ ಮೊದಲು ನಿಮ್ಮ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆದುಕೊಳ್ಳಿ.